ಹುಳುಗಳ ಊಟದ ಹೊತ್ತು ಕೂಗಿದ ರೇಡಿಯೋ

ಈ ಕತೆಯನ್ನು ನಮ್ಮೂರಿಗೆ ಮೊದಲು ಹೇಳಿದ್ದು ನಮ್ಮ ರೇಷ್ಮೆ ಸಾಕುವ ಹುಳುಮನೆಯ ಗೂಟದಲ್ಲಿ ನೇತಾಡುತ್ತಿದ್ದ ರೇಡಿಯೋ, ಒಂದು ಸಂಜೆ. ಇವತ್ತು ಶಿಡ್ಲಘಟ್ಟದ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆ ಇಟ್ಟರು ನೋಡಿ, ಆ ಹಸಿ ವಾಸನೆಗೆ ಎಲ್ಲ ನೆನಪಾಯಿತು!

ನಮ್ಮಜ್ಜಿಗೆ ಗಡಿಯಾರ ನೋಡಲು ಬಾರದು. ಬೆಂಗಳೂರು ರೇಡಿಯೋದಲ್ಲಿ ರೈತರ ಮಾತುಕತೆ ಮುಗಿದರೆ ರೇಷ್ಮೆಹುಳುಗಳಿಗೆ ಸಂಜೆಯ ಸೊಪ್ಪು. ಒಮ್ಮೆ, ಹುಳುಗಳು ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ, ರೇಡಿಯೋದವರು ಕಾರ್ಯಕ್ರಮಗಳನ್ನೆಲ್ಲ ಬದಲಿಸಿಬಿಟ್ಟರು. ರೈತರ ಮಾತು ಮಧ್ಯಾಹ್ನಕ್ಕೆ ಹೋಯಿತು. ಸಂಜೆಗೆ ಕೇಳುಗರು ಫೋನ್ ಮಾಡಿ ಕೇಳುವ ಸಿನಿಮಾ ಹಾಡುಗಳು ಬಂದವು. ಅಜ್ಜಿ ಮಾತುಕತೆಗೆ ಕಾಯುತ್ತಲೇ ಕೂತಳು. ಹುಳುಗಳು ಹಸಿದು ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು.

ಮರುದಿನ ಸಂಜೆ ಅಜ್ಜಿ ಹೇಳದೆ ಕೇಳದೆ ಎಲ್ಲಿಗೋ ಹೋದಳು. ನಾವು ಸೊಪ್ಪು ಕತ್ತರಿಸುತ್ತಿದ್ದರೆ ರೇಡಿಯೋದಲ್ಲಿ ಅವಳದೇ ದನಿ!

"ಯಾವ ಹಾಡು ಬೇಕಜ್ಜಿ?" ಎಂದಳು ಕಾರ್ಯಕ್ರಮ ನಡೆಸುವಾಕೆ.

"ಹಾಡು ನಂಗ್ಯಾಕಮ್ಮ? ನಮ್ಮುಳುಗಳಿಗೆ ಊಟದ ಹೊತ್ತು ಹೇಳ್ತಿದ್ದೋರು ನೀವೇ ತಾನೆ? ಕುಣಿಯೋ ಹಾಡು ಕೇಳಿದ್ರೆ ಅವುಕ್ಕೆ ಹೊಟ್ಟೆ ತುಂಬ್ತದಾ?"

"ಅಯ್ಯೋ, ನಮ್ಮಮ್ಮ ಕಣೋ ಅದು!" ಅಪ್ಪ ಕತ್ತಿ ಕೆಳಗಿಟ್ಟು ಎದ್ದೇಬಿಟ್ಟರು.

ರೇಡಿಯೋದಾಕೆಗೆ ನಗು ತಡೆಯಲಾಗಲಿಲ್ಲ. "ಆಯ್ತಜ್ಜಿ. ಕೇಳ್ರಪ್ಪಾ, ಶಿಡ್ಲಘಟ್ಟದ ಕಡೆಯೋರೆಲ್ಲ ಈಗ ಸೊಪ್ಪು ಹಾಕಿ! ದಿನಾ ಇದೇ ಹೊತ್ತಿಗೆ ನಾನೇ ಹೇಳ್ತೀನಿ."

ಇಡೀ ಬೀದಿಯೇ ಎರಡೂ ಕೈಯಲ್ಲಿ ಸೊಪ್ಪು ಹಾಕಿತು.

ಮರುದಿನ ಬೆಳಗ್ಗೆ, ಅಜ್ಜಿ ಫೋನ್ ಮಾಡಿದ್ದ ಫೋನಂಗಡಿ ಬಾಗಿಲು ತೆಗೆಯುವ ಮೊದಲೇ ಜನ ಸಾಲುಗಟ್ಟಿದ್ದರು. ಎಲ್ಲರಿಗಿಂತ ಮುಂದೆ ಎದುರುಮನೆ ನರಸಮ್ಮ: "ನಮ್ಮೆಮ್ಮೆ ಹಾಲು ಕರೆಯೋ ಹೊತ್ತೂ ಒಂಚೂರು ಕೂಗಮ್ಮ ಅಂತ ಹೇಳ್ಬೇಕು!"