‘ನನ್ನದು’ ಒತ್ತಿದ ದೊಡ್ಡಕ್ಕ

“ಬಾಗಿಲಿಗೆ ಬೀಗ ಹಾಕಿದೆ ಅಕ್ಕಾ! ಮಂಚ ಇಳಿಸ್ಕೊಂಡು ಬೀದೀಲಿ ನಿಂತಿದ್ದೀವಿ. ಯಾರ ಮನೆಗೆ ಕಳಿಸಿದ್ರಿ ನಮ್ಮನ್ನ?”

ವ್ಯಾನ್ ಡ್ರೈವರ್ ಫೋನಿನಲ್ಲಿ ಕೂಗುತ್ತಿದ್ದ. ದೊಡ್ಡಕ್ಕ ಬಾಯಿ ತೆರೆಯುವ ಮೊದಲೇ ಪಕ್ಕದ ಮೇಜಿನ ಫೋನೂ ಹೊಡೆದುಕೊಂಡಿತು. ಅದು ಟೈಲರ್ ತಾತನ ಮಗಳದು. ಸೊಂಟ ಮುರಿದುಕೊಂಡಿದ್ದ ತಾತ ಆಸ್ಪತ್ರೆಯಿಂದ ಮನೆಗೆ ಬಂದು ಗಾಲಿಕುರ್ಚಿಯಲ್ಲೇ ಹಲ್ಲು ಕಚ್ಚಿಕೊಂಡು ಕೂತಿದ್ದಾರೆ, ಮಂಚ ಎಲ್ಲಿ?

ರೋಗಿಗಳ ಮನೆಗೆ ಮಂಚ, ಗಾಲಿಕುರ್ಚಿ, ವಾಕರ್ ಬಾಡಿಗೆಗೆ ಕಳಿಸುವ ಆ ಪುಟ್ಟ ಆಫೀಸಿನಲ್ಲಿ ದೊಡ್ಡಕ್ಕನದೇ ದರ್ಬಾರು, ಸಾಫ್ಟ್‌ವೇರ್ ಬದಲಾಗುವವರೆಗೆ. ಹಳೆಯದರಲ್ಲಿ ಒಬ್ಬ ರೋಗಿಯ ವಿವರಗಳ ಕಾರ್ಡನ್ನು ಒಂದು ಸಲಕ್ಕೆ ಒಬ್ಬರೇ ತೆರೆಯಬಹುದಿತ್ತು. ದೊಡ್ಡಕ್ಕ ಬೆಳಿಗ್ಗೆ ಬಂದವಳೇ ಬೇಕಾದ್ದು ಬೇಡದ್ದು ಎಲ್ಲ ಕಾರ್ಡನ್ನೂ ತೆರೆದಿಟ್ಟುಕೊಂಡು ಕೂರುತ್ತಿದ್ದಳು. ಉಳಿದವರು ಕೂತಲ್ಲಿಂದಲೇ ಕೂಗಬೇಕು: “ಅಕ್ಕಾ, ಬರಲಾ?” ಇವಳು ಟೀ ಹೀರಿ, ಕನ್ನಡಕ ಒರೆಸಿ, “ತಡಿ” ಅನ್ನಬೇಕು. ಮನಸ್ಸು ಬಂದಾಗ ಕಾರ್ಡು ಮುಚ್ಚಿ, “ಬಾ.” ಮನೆಯಲ್ಲಿ ಗಂಡ ಟಿವಿ ಚಾನೆಲ್ ಬದಲಾಯಿಸುವಾಗಲೂ ಅವಳನ್ನು ಕೇಳುತ್ತಿರಲಿಲ್ಲ, ಇಲ್ಲಿ ಮ್ಯಾನೇಜರ್ ಸಮೇತ ಇಡೀ ಆಫೀಸೇ ಕೇಳುತ್ತಿತ್ತು.

ಹೊಸದು ಬಂತು, ಯಾರು ಬೇಕಾದರೂ ಯಾವ ಕಾರ್ಡಿಗೆ ಬೇಕಾದರೂ ಒಟ್ಟಿಗೇ ನುಗ್ಗಬಹುದು. ಕೂಗು ನಿಂತೇಹೋಯಿತು. ಅದರ ಹಿಂದೆಯೇ ಹೊಸದಾಗಿ ಕೆಲಸಕ್ಕೆ ಬಂದಳು ಪಟಪಟಿ. ಕೀಬೋರ್ಡಿನ ಮೇಲೆ ಬೆರಳು, ಬಾಯಲ್ಲಿ ಮಾತು, ಎರಡೂ ಒಂದೇ ವೇಗದಲ್ಲಿ ಓಡುವುದರಿಂದ ಆ ಹೆಸರು. ಈಗ ಎಲ್ಲರೂ ಅವಳ ಮೇಜಿಗೇ. “ಪಟಪಟಿ, ಇದು ಹೇಗಮ್ಮಾ?” “ಪಟಪಟಿ, ಎಲ್ಲಿ ಒತ್ತಲಿ?” ಮ್ಯಾನೇಜರ್ ಅವಳ ಕುರ್ಚಿಗೆ ದಿಂಬು ಬೇರೆ ತರಿಸಿಕೊಟ್ಟರು. ದಿಂಬು! ದೊಡ್ಡಕ್ಕನ ಬೆನ್ನು ವರ್ಷಗಟ್ಟಲೆ ಮರದ ಕುರ್ಚಿಗೆ ಸವೆದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು ಅವಳಿಗೆ.

ಇಬ್ಬರು ಒಂದೇ ಕಾರ್ಡನ್ನು ತಿದ್ದಿದರೆ, ಆಮೇಲೆ ಸೇವ್ ಮಾಡಿದವರನ್ನು ಹೊಸ ಸಾಫ್ಟ್‌ವೇರ್ ಕೇಳುತ್ತಿತ್ತು: ‘ಇನ್ನೊಬ್ಬರು ಬದಲಾಯಿಸಿದ್ದಾರೆ. ಅವರದು ಇರಲೋ, ನನ್ನದು ಇರಲೋ?’ ಅಲ್ಲಿ ಪಟಪಟಿಯ ಹೆಸರು ಕಂಡರೆ ಸಾಕು, ದೊಡ್ಡಕ್ಕ ಓದುವ ಗೋಜಿಗೇ ಹೋಗದೆ ‘ನನ್ನದು’ ಒತ್ತುತ್ತಿದ್ದಳು. ಯಾರಿಗೂ ಕಾಣದ ಪುಟ್ಟ ಗುದ್ದು. ಎದೆ ತಣ್ಣಗಾಗುತ್ತಿತ್ತು.

ನಿನ್ನೆ ಟೈಲರ್ ತಾತನ ಫೋನ್ ನಂಬರ್ ತಿದ್ದುವಾಗಲೂ ಹಾಗೇ ಒತ್ತಿದ್ದಳು. ತಾತ ಮಗನ ಮನೆಗಲ್ಲ, ಮಗಳ ಮನೆಗೆ ಹೋಗುತ್ತಾರೆಂದು ಪಟಪಟಿ ಆಗಷ್ಟೇ ಹಾಕಿದ್ದ ಹೊಸ ವಿಳಾಸ ಆ ಗುದ್ದಿಗೆ ಅಳಿಸಿಹೋಗಿ, ಮಗನ ಮನೆಯ ಹಳೆಯದೇ ಉಳಿದಿತ್ತು.

“ಆಣೆಗೂ ನಾನು ಬದಲಾಯಿಸಿದ್ದೆ ಸಾರ್!” ಈಗ ಮ್ಯಾನೇಜರ್ ಮುಂದೆ ಪಟಪಟಿಯ ಮಾತು ಮೊದಲ ಸಲ ತಡವರಿಸಿತು.

“ಮತ್ತೆ ವಿಳಾಸಕ್ಕೆ ಕಾಲು ಬಂತಾ, ನಡ್ಕೊಂಡು ವಾಪಸ್ ಹೋಗೋಕೆ? ನಿನ್ನ ಇನ್ನು ಹೇಗಮ್ಮ ಕೆಲಸದಲ್ಲಿ ಇಟ್ಕೊಳ್ಳಲಿ?” ಎಂದರು ಮ್ಯಾನೇಜರ್.

ಈ ಮಾತಿಗಾಗಿ ದೊಡ್ಡಕ್ಕ ಎಷ್ಟು ಕಾದಿದ್ದಳು! ಸುಮ್ಮನೆ ಕೂತರೆ ಸಾಕು, ದಿಂಬೂ ಇವಳದೇ. ಆದರೆ ಮೇಜಿನ ಮೇಲೆ ಬಿದ್ದಿದ್ದ ಫೋನಿನಿಂದ ತಾತನ ನರಳಾಟ ಕೇಳಿಸುತ್ತಲೇ ಇತ್ತು.

“ವಾಪಸ್ ಕಳಿಸಿದ್ದು ನಾನು ಸಾರ್,” ಎಂದಳು, ಯಾರ ಮುಖವನ್ನೂ ನೋಡದೆ. “ಅವಳ ಹೆಸರು ಕಂಡ್ರೆ ಮೈ ಉರಿಯುತ್ತೆ, ಓದದೇ ಒತ್ತಿಬಿಟ್ಟೆ. ಬಯ್ಯೋದು ಆಮೇಲೆ ಬಯ್ಯಿರಿ, ಮೊದ್ಲು ಮಂಚ ಹೋಗ್ಲಿ.”

ಮ್ಯಾನೇಜರ್ ಇಬ್ಬರನ್ನೂ ಮಗಳ ಮನೆಗೆ ಅಟ್ಟಿದರು. ಮಂಚ ಜೋಡಿಸಿ ಮಲಗಿಸಿದ ಮೇಲೆ ತಾತ ನೆಮ್ಮದಿಯ ಉಸಿರು ಬಿಟ್ಟು ಪಟಪಟಿಯನ್ನು ಕೇಳಿದರು: “ಫೋನಲ್ಲಿ ಮಾತಾಡಿದ ಮಗು ನೀನೇನಾ? ಎಷ್ಟು ಚೆಂದ ಮಾತಾಡ್ತೀಯಮ್ಮಾ!”

ಕೆಂಡ ಮತ್ತೆ ಮಿಣುಕಿತು. ದೊಡ್ಡಕ್ಕ ಸ್ಪ್ಯಾನರ್ ಹಿಡಿದು ಕಾಲ್ದೆಸೆಯ ನಟ್ಟನ್ನು ಅಗತ್ಯಕ್ಕಿಂತ ಜೋರಾಗಿ ಬಿಗಿದಳು. “ಈ ಅಕ್ಕ ಮಾತೇ ಆಡಲ್ವಾ?” ಎಂದರು ತಾತ.

“ಆಡ್ತಾರೆ ತಾತ. ಮುಂಚೆ ಎಲ್ರೂ ಇವರನ್ನ ಕೇಳೇ ಕಾರ್ಡು ತೆರೀತಿದ್ರಂತೆ. ಹಾಗೇ ಇದ್ದಿದ್ರೆ ನಿಮ್ಮ ಮಂಚ ನೆಟ್ಟಗೆ ಬರ್ತಿತ್ತು,” ಎಂದಳು ಪಟಪಟಿ.

ಹುಡುಗಿ ಚುಚ್ಚಿದಳೋ ಹೊಗಳಿದಳೋ ದೊಡ್ಡಕ್ಕನಿಗೆ ತಿಳಿಯಲಿಲ್ಲ. “ಹೊಸ ಜಾಗದಲ್ಲಿ ನಟ್ಟು ಸಡಿಲ ಆಗುತ್ತೆ. ಮುಂದಿನ ವಾರ ಬಂದು ನೋಡ್ತೀನಿ,” ಎಂದಷ್ಟೇ ತಾತನಿಗೆ ಹೇಳಿ ಮೆಟ್ಟಿಲಿಳಿದಳು.

ಹಿಂದಿನಿಂದ ಪಟಪಟಿಯ ಕೂಗು ಬಂತು. “ಅಕ್ಕಾ, ಮುಂದಿನ ವಾರ ನಾನೂ ಬರಲಾ?”

ಎಷ್ಟು ದಿನವಾಗಿತ್ತು ಯಾರಾದರೂ ಹಾಗೆ ಕೇಳಿ!

“ತಡಿ,” ಎಂದಳು. ಕನ್ನಡಕ ತೆಗೆದು ಸಾವಕಾಶವಾಗಿ ಒರೆಸಿದಳು.

“ಬಾ. ಆದ್ರೆ ಸ್ಪ್ಯಾನರ್ ನನ್ನ ಕೈಲೇ ಇರುತ್ತೆ.”