ಬೇರೆಯವರ ಕುರ್ಚಿಗೆ ವಿಮೆ

ನಮ್ಮ ಮಾವನನ್ನು ಬೀದಿಯವರೆಲ್ಲ ಸೋಫಾ ಮೇಷ್ಟ್ರು ಎನ್ನುತ್ತಾರೆ. ಹರಿದ ಸೋಫಾ, ಕುಸಿದ ಕುರ್ಚಿ ಯಾವುದೇ ಬರಲಿ, ಹಳೆ ಬಟ್ಟೆ ಬಿಚ್ಚಿ, ಸ್ಪ್ರಿಂಗ್ ಬಿಗಿದು, ಹೊಸ ಹೊದಿಕೆ ಹಾಕಿ ಕೊಡುತ್ತಾರೆ. ಆದರೆ ಅಂಗಡಿಗೆ ಬಂದ ಸೋಫಾದ ಮೇಲೆ ಒಂದು ದಿನವೂ ಕೂತವರಲ್ಲ. "ಬೇರೆಯವರದ್ದಮ್ಮ" ಎಂದು ಊಟಕ್ಕೂ ಮರದ ಪೆಟ್ಟಿಗೆಯ ಮೇಲೆ ಕೂರುವ ಮನುಷ್ಯ. ಇಷ್ಟೊಂದು ನಿಯತ್ತು ಒಳ್ಳೆಯದಲ್ಲ ಎಂದು ನಾನು ಸೊಸೆಯಾಗಿ ಬಂದ ದಿನದಿಂದ ಹೇಳುತ್ತಲೇ ಇದ್ದೇನೆ. ಕೇಳಿದರೆ ತಾನೇ.

ವಿಮೆ ಏಜೆಂಟ್ ಬಂದಾಗಲೂ ಅದೇ ರಾಗ. "ಹೊಲಿಗೆ ಮಷಿನ್ ನಂದು. ಫೋಮ್, ಬಟ್ಟೆ ನಂದು. ಸೋಫಾ ಒಂದೂ ನಂದಲ್ಲ, ಬರಕೋಬೇಡಿ." ಸ್ವಲ್ಪ ಹೆಚ್ಚು ಕಟ್ಟಿದರೆ ಗಿರಾಕಿಗಳ ಸಾಮಾನೂ ಸೇರುತ್ತದೆ ಎಂದು ಆತ ಬಿಡಿಸಿ ಹೇಳಿದ. ಮಾವ ಮುಖ ಗಂಟಿಕ್ಕಿದರು. "ಅವರ ಸಾಮಾನು ಸುಟ್ಟರೆ ದುಡ್ಡು ನನ್ನ ಕೈಗೆ ಬರಬೇಕಾ? ಅದೆಂಥಾ ವ್ಯವಹಾರ ರೀ?" ಏಜೆಂಟ್ ತೆಪ್ಪಗೆ ಸಹಿ ಹಾಕಿಸಿಕೊಂಡು ಹೋದ.

ಪಕ್ಕದ ಬಣ್ಣದ ಅಂಗಡಿಯ ಬೆಂಕಿ ನಮ್ಮ ಗೋಡೆ ದಾಟಿದ್ದು ಒಂದು ಭಾನುವಾರ. ಒಳಗೆಲ್ಲ ಫೋಮ್, ನಾವು ಎದ್ದು ಬಿದ್ದು ಓಡಿಬರುವಷ್ಟರಲ್ಲಿ ಮುಗಿದೇ ಹೋಗಿತ್ತು. ಮಷಿನ್ ಕರಕಲು, ರಿಪೇರಿಗೆ ಬಂದ ಎರಡು ಸೋಫಾ ಕರಕಲು, ನಮ್ಮ ಬೀದಿಯ ನರ್ಸಮ್ಮ ಹೊಸ ಹೊದಿಕೆಗೆಂದು ಬಿಟ್ಟುಹೋಗಿದ್ದ ಆರಾಮಕುರ್ಚಿಯೂ ಕರಕಲು. ತೀರಿಹೋದ ಅವರ ಯಜಮಾನರು ಕೂರುತ್ತಿದ್ದ ಕುರ್ಚಿ ಅದು.

ವಿಮೆ ಕಂಪನಿಯ ಸರ್ವೇಯರ್ ನಷ್ಟ ನೋಡಲು ಬರುವ ದಿನ, ನನ್ನ ಗಂಡ ಬೆಳಗ್ಗೆಯೇ ಅಪ್ಪನ ಕಿವಿ ಕಚ್ಚಿದರು. "ಮಾರೋಕೆ ಇಟ್ಟಿದ್ದ ಹಳೆ ಸೋಫಾಗಳು ಅಂದ್ಬಿಡಿ ಅಪ್ಪಾ. ನಮ್ಮ ಸ್ಟಾಕ್ ಅಂತ ಸೇರುತ್ತೆ. ಇಲ್ದಿದ್ರೆ ಎಲ್ಲರಿಗೂ ನಾವೇ ಕಟ್ಟಿಕೊಡಬೇಕು, ಅಂಗಡಿ ಮತ್ತೆ ತೆಗೆಯೋಕಾಗಲ್ಲ." ಮಾವ ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ಹೊರಟರು.

ಸರ್ವೇಯರ್ ಮಸಿಯಲ್ಲಿ ಹೆಜ್ಜೆ ಹಾಕುತ್ತ ಒಂದೊಂದನ್ನೇ ನೋಡಿದರು. ಆರಾಮಕುರ್ಚಿಯ ಹತ್ತಿರ ನಿಂತರು.

"ಇದು ಯಾರದ್ದು?"

ಸರಿಯಾಗಿ ಅದೇ ಹೊತ್ತಿಗೆ ನರ್ಸಮ್ಮ ಬಾಗಿಲಿಗೆ ಬಂದಿದ್ದರು. ಮಾವ ಬಾಯಿ ತೆರೆಯುವ ಮೊದಲೇ ಆಕೆ ಅಂದರು, "ಮೇಷ್ಟ್ರದ್ದೇ. ನಾನು ಯಾವತ್ತೋ ಅವರಿಗೆ ಮಾರಿಬಿಟ್ಟೆ."

ಬಚಾವಾದೆವು ಅಂದುಕೊಂಡೆ. ನನ್ನ ಕಣ್ಣು ತುಂಬಿ ಬಂತು. ಸರ್ವೇಯರ್ ಪೆನ್ನು ತೆಗೆದರು.

"ಇಲ್ಲ ಸ್ವಾಮಿ," ಅಂದರು ಮಾವ. "ಅದು ಅವರದ್ದು. ಈ ಸೋಫಾಗಳೂ ಬೇರೆಯವರದ್ದೇ. ಬರಕೋಬೇಡಿ."

ನನ್ನ ಗಂಡ ಹೊರಗೆ ಹೋಗಿಬಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೌರವ ಬಂದದ್ದು ಆಮೇಲೆ, ಅದೂ ಪೂರ್ತಿಯಾಗಿ ಅಲ್ಲ.

ಮಷಿನ್ನಿಗೂ ಫೋಮಿಗೂ ಸಿಕ್ಕಿದ ಹಣವೆಲ್ಲ ಗಿರಾಕಿಗಳಿಗೇ ಹೋಯಿತು. ಮಾವ ಈಗ ಮನೆಯ ಹಜಾರದಲ್ಲಿ ಕೂತು ಕೈಯಲ್ಲೇ ಹೊಲಿಯುತ್ತಾರೆ. ದಪ್ಪ ಸೂಜಿ ಚುಚ್ಚಿ ಚುಚ್ಚಿ ಬೆರಳೆಲ್ಲ ಗಾಯ. ಮೊನ್ನೆ ಇನ್ನೊಬ್ಬ ಏಜೆಂಟ್ ಬಂದು, ಹೊಸ ಪಾಲಿಸಿಯಲ್ಲಿ ಏನೇನು ಸೇರಿದೆ ಎಂದು ಒಂದೇ ಉಸಿರಿಗೆ ಶುರುಮಾಡಿದ. ಮಾವ ಸೂಜಿ ಕೆಳಗಿಟ್ಟು, ಎದುರಿಗಿದ್ದ ಗಿರಾಕಿಯ ಕುರ್ಚಿಯ ಮೇಲೆ ಕೈಯಿಟ್ಟರು.

"ಏನೇನು ಸೇರಿಲ್ಲ, ಅದನ್ನ ಮೊದಲು ಹೇಳಪ್ಪ."