ಗುಂಡಿಯಕ್ಕನ ಅರವತ್ತೇಳು ಹೊಡೆತ

ಆಕೆಯ ನಿಜವಾದ ಹೆಸರು ಇದ್ದದ್ದು ಅಂಗಡಿಯ ಹಾಜರಿ ಪುಸ್ತಕದಲ್ಲಿ ಮಾತ್ರ. ಬೀದಿಯಲ್ಲೂ ಮನೆಯಲ್ಲೂ ಎಲ್ಲರ ಬಾಯಲ್ಲೂ ಗುಂಡಿಯಕ್ಕ. ಅಂಗಿ ಹೊಲಿಯುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷಗಳಿಂದ ಕಾಜಾ ಹಾಕಿ ಗುಂಡಿ ಹಚ್ಚುವುದೇ ಆಕೆಯ ಕೆಲಸ. ಅವಳ ಹಳೆಯ ಕಾಜಾ ಮಷೀನಿನ ಸೂಜಿ ಬಟ್ಟೆಯ ಮೇಲೆ ಒಂದು ಸುತ್ತು ಬಂದು ಮುಗಿಸುವ ಹೊತ್ತಿಗೆ ಸರಿಯಾಗಿ ಪೆಡಲ್ ಬಿಡಬೇಕು. ಬಿಟ್ಟ ಕೂಡಲೇ ಚಿಕ್ಕ ಚಾಕು ಇಳಿದು ನಡುವೆ ಸೀಳುತ್ತದೆ. ಕಣ್ಣು ಮಿಟುಕಿಸುವಷ್ಟು ತಡವಾದರೂ ಅಂಗಿ ಕೆಟ್ಟಂತೆ. ಆಕೆಯ ಕೈಯಲ್ಲಿ ಒಂದೂ ಕೆಟ್ಟಿರಲಿಲ್ಲ. ಆದರೆ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತ ಗಿರಾಕಿಗಳು ಕಾಲರ್ ಹೊಗಳುತ್ತಿದ್ದರು, ಕಟಿಂಗ್ ಹೊಗಳುತ್ತಿದ್ದರು. ಕಾಜಾ ಚೆನ್ನಾಗಿದೆ ಅಂದವರು ಒಬ್ಬರೂ ಇಲ್ಲ.

ಗಂಡನದು ಟಿವಿ ರಿಪೇರಿ ಅಂಗಡಿ. ಒಮ್ಮೆ ಗಿರಾಕಿಯೊಬ್ಬರು ಮನೆ ಖಾಲಿ ಮಾಡುವಾಗ ಸಿಕ್ಕಿದ ಹಳೇ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ತಂದು, ಬೇಕಿದ್ದರೆ ಇಟ್ಟುಕೊಳ್ಳಿ, ಬೇಡದಿದ್ದರೆ ಎಸೆಯಿರಿ ಎಂದು ಕೊಟ್ಟುಹೋದರು. ಜೊತೆಯಲ್ಲಿದ್ದ ನಾಲ್ಕು ಕ್ಯಾಸೆಟ್‌ಗಳಲ್ಲಿ ಮೂರು ಕೆಟ್ಟಿದ್ದವು. ನಾಲ್ಕನೆಯದನ್ನು ಊದಿ ಊದಿ ತುರುಕಿದ ಮೇಲೆ ಟಿವಿಯಲ್ಲಿ ಹಸಿರು ಮೈದಾನ, ನೀಲಿ ಕೊಳ, ಕೋಲು ಹಿಡಿದ ಚೌಕಾಕಾರದ ಮನುಷ್ಯ ಮೂಡಿದವು. ಗಾಲ್ಫ್. ಆ ಮನೆಯಲ್ಲಿ ಯಾರೂ ಆ ಆಟವನ್ನು ಕಣ್ಣಾರೆ ಕಂಡವರಲ್ಲ.

"ಇಷ್ಟು ದೊಡ್ಡ ಹುಲ್ಲುಗಾವಲಲ್ಲಿ ಅಷ್ಟು ಸಣ್ಣ ಗುಂಡಿಗೆ ಚೆಂಡು ಹಾಕ್ಬೇಕಾ? ಮಾಡೋಕೆ ಬೇರೆ ಕೆಲಸ ಇಲ್ವಾ ಅವನಿಗೆ?" ಎಂದರು ಅತ್ತೆ.

"ಗುಂಡಿ ಅಂದ್ಮೇಲೆ ಅದು ಅತ್ತಿಗೆ ಡಿಪಾರ್ಟ್‌ಮೆಂಟು," ಎಂದು ಮೈದುನ ತಂತಿಯ ರಿಮೋಟನ್ನು ಆಕೆಯ ಕೈಗೆ ಕೊಟ್ಟ.

ಪರದೆಯ ಕೆಳಗೆ ಒಂದು ಪಟ್ಟಿ. ಒಮ್ಮೆ ಒತ್ತಿದರೆ ಅದರ ಮೇಲೊಂದು ಗೆರೆ ಓಡಲು ಶುರು. ಎರಡನೇ ಸಲ ಒತ್ತಿದಲ್ಲಿಗೆ ಹೊಡೆತದ ಜೋರು ನಿಲ್ಲುತ್ತದೆ. ಗೆರೆ ವಾಪಸು ಬರುವಾಗ ಮೂರನೇ ಸಲ ಸರಿಯಾದ ಜಾಗದಲ್ಲಿ ಒತ್ತಿದರೆ ಚೆಂಡು ನೆಟ್ಟಗೆ ಹೋಗುತ್ತದೆ, ತಪ್ಪಿದರೆ ಮರಳಿಗೋ ನೀರಿಗೋ. ಗಂಡ, ಮೈದುನ ಇಬ್ಬರೂ ಅರ್ಧ ಗಂಟೆ ನೀರಿಗೇ ಹೊಡೆದಿದ್ದರು. ಗುಂಡಿಯಕ್ಕನಿಗೆ ಇದು ಗೊತ್ತಿರುವ ಕೆಲಸ. ಕಾಲಲ್ಲಿ ಮಾಡುತ್ತಿದ್ದುದನ್ನು ಹೆಬ್ಬೆರಳಲ್ಲಿ ಮಾಡಿದಳು, ಅಷ್ಟೆ. ಚೆಂಡು ಕೊಳ ದಾಟಿ ಬಾವುಟದ ಹತ್ತಿರ ಕೂತಿತು. ಅತ್ತೆ ಚಪ್ಪಾಳೆ ತಟ್ಟಿದರು.

ಆಮೇಲೆ ಪ್ರತಿ ಸಂಜೆ ಅಡುಗೆಗೆ ಮುಂಚೆ ಒಂದು ಆಟ. ಹದಿನೆಂಟು ಗುಂಡಿ, ಕಡಿಮೆ ಹೊಡೆತದಲ್ಲಿ ಮುಗಿಸಿದಷ್ಟೂ ಮೇಲು. ಅತ್ತೆ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು "ಮೆಲ್ಲಗೆ, ಮೆಲ್ಲಗೆ, ನೀರಿದೆ ಅಲ್ಲಿ" ಎಂದು ಎಚ್ಚರಿಸುವರು. ಎರಡು ವರ್ಷದಲ್ಲಿ ಆಕೆ ಅರವತ್ತೇಳು ಹೊಡೆತಕ್ಕೆ ಇಳಿದಳು. ಗೆದ್ದವರ ಪಟ್ಟಿಯಲ್ಲಿ ಐದು ಸಾಲು, ಸಾಲಿಗೆ ಮೂರೇ ಇಂಗ್ಲಿಷ್ ಅಕ್ಷರ. ಐದರಲ್ಲೂ ಜಿ, ಯು, ಎನ್. "ಅತ್ತಿಗೆ, ಇದು ಬಂದೂಕು ಅಂತಾಯ್ತು!" ಎಂದು ಮೈದುನ ನಕ್ಕ. ಆಗಲಿ ಎಂದಳು. ಪೆಟ್ಟಿಗೆ ಆರಿಸಿ ಮತ್ತೆ ಹಾಕಿದರೂ ಆ ಐದು ಸಾಲು ಹಾಗೇ ಇರುತ್ತಿದ್ದವು. ದಿನಕ್ಕೊಮ್ಮೆಯಾದರೂ ಅದನ್ನು ನೋಡದೆ ಆಕೆ ಮಲಗುತ್ತಿರಲಿಲ್ಲ.

ಮೂರನೇ ವರ್ಷ ಮೈದುನನ ಮದುವೆಯಾಯಿತು. ಓರಗಿತ್ತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಅಳತೆಗೆ ಕೂರಿಸುವವಳು. ಮಾತು ಕಡಿಮೆ, ಕಣ್ಣು ಚುರುಕು. ಬಂದ ವಾರಕ್ಕೇ ಕೇಳಿದಳು: "ಅಕ್ಕ, ನನಗೂ ಹೇಳ್ಕೊಡ್ತೀರಾ?"

ಗುಂಡಿಯಕ್ಕ ಹೇಳಿಕೊಟ್ಟಳು. ಗೆರೆ ಹೇಗೆ ಓಡುತ್ತದೆ, ಯಾವ ಕೋಲಿಗೆ ಎಷ್ಟು ದೂರ, ಎಲ್ಲ. ಮೂಲೆಯಲ್ಲಿದ್ದ ಪುಟ್ಟ ಬಾಣದ ಗುರುತು ತೋರಿಸಿ ಓರಗಿತ್ತಿ "ಇದೇನು?" ಎಂದಾಗ ಮಾತ್ರ ನಾಲಿಗೆ ಒಂದು ಕ್ಷಣ ತಡೆಯಿತು. ಅದು ಗಾಳಿಯ ದಿಕ್ಕು. ಅದನ್ನು ಅರ್ಥ ಮಾಡಿಕೊಳ್ಳಲು ಆಕೆಗೆ ಐದು ತಿಂಗಳು ಹಿಡಿದಿತ್ತು.

"ಅದಾ? ಸುಮ್ನೆ ಅಲಂಕಾರಕ್ಕೆ," ಎಂದುಬಿಟ್ಟಳು.

ಯಾಕೆ ಹಾಗೆ ಹೇಳಿದೆ ಎಂದು ಆಗ ಯೋಚಿಸಲಿಲ್ಲ. ಎರಡು ತಿಂಗಳು ಕಳೆದು ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ನಡುಮನೆಯಲ್ಲಿ ಗಲಾಟೆಯೋ ಗಲಾಟೆ. ಪಟ್ಟಿಯ ಮೊದಲ ಸಾಲಿನಲ್ಲಿ ಅರವತ್ತಾರು. ಪಕ್ಕದಲ್ಲಿ ಇ, ವೈ, ಇ.

"ಕಣ್ಣು ಅಂತ ಬರ್ದಿದಾಳೆ ನೋಡಿ ಅತ್ತಿಗೆ, ಕನ್ನಡಕದವಳು!" ಎಂದು ಮೈದುನ ಕುಣಿಯುತ್ತಿದ್ದ. ಗುಂಡಿಯಕ್ಕ "ಭೇಷ್" ಎಂದಳು. ನಗುವುದಕ್ಕೆ ಮುಖ ಒಪ್ಪಲಿಲ್ಲ. ಒಲೆ ಮುಂದೆ ಹೋಗಿ ನಿಂತರೆ ಒಲೆಯಲ್ಲಿರುವುದಕ್ಕಿಂತ ಹೆಚ್ಚು ಉರಿ ಹೊಟ್ಟೆಯಲ್ಲಿ.

ಅರವತ್ತಾರು ಆದಮೇಲೆ ಅರವತ್ತೈದು, ಆಮೇಲೆ ಅರವತ್ತನಾಲ್ಕು. ಒಂದೊಂದೇ ಸಾಲು ಕೈಬಿಟ್ಟು, ಕೊನೆಗೆ ಐದನೆಯದರಲ್ಲಿ ಒಂದು ಅರವತ್ತೇಳು ಮಾತ್ರ ಬಾಗಿಲ ಹೊರಗೆ ನಿಂತ ನೆಂಟರಂತೆ ಉಳಿಯಿತು. ಅದಕ್ಕಿಂತ ಚುಚ್ಚಿದ್ದು ಸ್ಟೂಲು. ಅತ್ತೆ ಅದನ್ನು ಮೆಲ್ಲಗೆ ಓರಗಿತ್ತಿಯ ಪಕ್ಕಕ್ಕೆ ಎಳೆದುಕೊಂಡಿದ್ದರು. "ಇವಳ ಕೈಯಲ್ಲಿ ಚೆಂಡು ನೀರಿಗೇ ಬೀಳಲ್ಲ ಕಣೇ," ಎಂದು ಹಿರಿಸೊಸೆಗೇ ಹೇಳಿದರು. ಅವರ ಮನಸ್ಸಿನಲ್ಲಿ ಕಲ್ಮಷವಿರಲಿಲ್ಲ, ಅದೇ ಇನ್ನೂ ಕಷ್ಟ.

ಗುಂಡಿಯಕ್ಕ ಚಿಲ್ಲರೆ ಬುದ್ಧಿಗಿಳಿದಳು. ಓರಗಿತ್ತಿ ಆಡಲು ಕೂತ ಕೂಡಲೇ ಕಸಪೊರಕೆ ಹಿಡಿದು ಟಿವಿ ಮುಂದೆ ಗುಡಿಸುವಳು. "ಟಿವಿ ಬಿಸಿಯಾಗಿದೆ, ಆರ್ಸು" ಎನ್ನುವಳು. ಅವಳು ಮಾಡಿದ ಸಾರಿನಲ್ಲಿ ಉಪ್ಪು ಹುಡುಕುವಳು. ಅಂಗಡಿಯಲ್ಲಿ ಒಂದು ದಿನ ಮಷೀನಿನ ಮುಂದೆ ಕೂತು, ನಿನ್ನೆ ಸಂಜೆ ಓರಗಿತ್ತಿ ಮರಳಿನಿಂದ ನೇರ ಗುಂಡಿಗೆ ಹಾಕಿದ ಹೊಡೆತವನ್ನೇ ನೆನೆಯುತ್ತಿದ್ದಳು. ಕಾಲು ತಡವಾಯಿತು. ಚಾಕು ಇಳಿಯಿತು. ತಿಳಿನೀಲಿ ಅಂಗಿಯ ಎದೆಯ ಮೇಲೆ ಬೆರಳಗಲ ಸೀಳು. ಮಾಲೀಕ ಬೈಯಲಿಲ್ಲ. ಅಂಗಿ ಎತ್ತಿ ಹಿಡಿದು, "ನಿಮ್ಮ ಕೈಯಲ್ಲೂ ಹೀಗಾಗುತ್ತಾ?" ಎಂದ, ಅಷ್ಟೇ. ಆ ತಪ್ಪನ್ನೂ ಆಕೆ ಓರಗಿತ್ತಿಯ ಲೆಕ್ಕಕ್ಕೇ ಬರೆದಳು.

ಬುಧವಾರ ಅಂಗಡಿಗೆ ಅರ್ಧ ದಿನ ರಜೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಗುಂಡಿಯಕ್ಕ ಆಡಲೆಂದೇ ಕೂತಳು. ಎಂಟನೇ ಗುಂಡಿಯಲ್ಲಿ ಎರಡು ಸಲ ನೀರಿಗೆ ಬಿತ್ತು. ಆಟ ಅರ್ಧಕ್ಕೇ ಬಿಟ್ಟು ಪಟ್ಟಿ ತೆರೆದಳು. ಅದರ ಕೆಳಗೆ ಅಳಿಸುವ ಗುಂಡಿಯೊಂದಿದೆ ಎಂದು ಗಂಡ ಯಾವತ್ತೋ ಹೇಳಿದ್ದ. ಒಂದೇ ಸಾಲು ಅಳಿಸಲು ಬರುವುದಿಲ್ಲ; ಹೋದರೆ ಎಲ್ಲ ಹೋಗುತ್ತದೆ. ಐದನೇ ಸಾಲಿನ ತನ್ನ ಅರವತ್ತೇಳನ್ನು ಬಹಳ ಹೊತ್ತು ನೋಡಿದಳು. ಮೇಲಿನ ನಾಲ್ಕನ್ನೂ ನೋಡಿದಳು. ಹೆಬ್ಬೆರಳು ಒತ್ತಿತು. ಐದು ಸಾಲಿನಲ್ಲೂ ಬರೀ ಚುಕ್ಕಿ.

ಸಂಜೆ ಓರಗಿತ್ತಿ ಪೆಟ್ಟಿಗೆ ಹಾಕಿ, ಪಟ್ಟಿ ನೋಡಿ ರಿಮೋಟನ್ನು ಕೆಳಗಿಟ್ಟಳು. ಕೂಗಾಡಿದ್ದು ಮೈದುನ. "ಯಾರು ಮುಟ್ಟಿದ್ದು ಇದನ್ನ?"

ಅತ್ತೆ ಗಾಬರಿಯಾದರು. "ಬೆಳಿಗ್ಗೆ ಧೂಳು ಒರೆಸೋವಾಗ ಆ ಡಬ್ಬ ಕೈಜಾರಿ ಕೆಳಗೆ ಬಿತ್ತು ಕಣೋ. ನನ್ನಿಂದ್ಲೇ ಆಗಿರ್ಬೇಕು."

"ಎಷ್ಟು ಸಲ ಹೇಳಿದೀನಮ್ಮಾ, ಮುಟ್ಬೇಡ ಅಂತ!"

ಗಂಡ ಕ್ಯಾಸೆಟ್ ಬಿಚ್ಚಿ, ಪಟ್ಟಿಯನ್ನು ನೆನಪಿಡುವ, ಬಿಲ್ಲೆಯಂಥ ಒಳಗಿನ ಬ್ಯಾಟರಿಗೆ ಮೀಟರ್ ಹಿಡಿದು ನೋಡಿದ. "ಬ್ಯಾಟರಿ ಚೆನ್ನಾಗೇ ಇದೆ," ಎಂದ. ಹೆಂಡತಿಯ ಕಡೆ ಒಮ್ಮೆ ನೋಡಿದ. ಕ್ಯಾಸೆಟ್ ಮುಚ್ಚಿಟ್ಟ. ಗುಂಡಿಯಕ್ಕ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

ಮರುದಿನದಿಂದ ಅತ್ತೆ ನಡುಮನೆಗೆ ಬರುವುದನ್ನೇ ಬಿಟ್ಟರು. ಧೂಳು ಒರೆಸುವ ಬಟ್ಟೆ ಮೊಳೆಗೆ ನೇತುಹಾಕಿದ್ದು ಹಾಗೇ ಉಳಿಯಿತು, ಆಟದ ಪೆಟ್ಟಿಗೆಯನ್ನೂ ಯಾರೂ ಹಾಕಲಿಲ್ಲ. ಸಂಜೆ ಅಡುಗೆಮನೆಯ ಮೂಲೆಯಲ್ಲಿ ಕೂತು ಕಾಳು ಆರಿಸುವರು. ಕರೆದರೆ, "ಬೇಡಮ್ಮ, ನನ್ನ ಕೈ ಸರಿಯಿಲ್ಲ, ಇನ್ನೇನಾದ್ರೂ ಕೆಡಿಸ್ತೀನಿ" ಎನ್ನುವರು. ಒಂದು ದಿನ, ಎರಡು ದಿನ, ಮೂರು ದಿನ. ತನ್ನ ತಪ್ಪನ್ನು ಅತ್ತೆ ಹೊತ್ತಿದ್ದು ಗುಂಡಿಯಕ್ಕನಿಗೆ ದಿನವೂ ಕಾಣುತ್ತಿತ್ತು. ಓರಗಿತ್ತಿಯ ಮೇಲಿನ ಉರಿ ಆರಿರಲಿಲ್ಲ; ಅದರ ಮೇಲೆ ಇದೊಂದು ಬೇರೆ. ಭಾನುವಾರ ಬೆಳಿಗ್ಗೆ ಎಲ್ಲರೂ ತಿಂಡಿಗೆ ಕೂತಿದ್ದಾಗ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಅತ್ತೆ ಏನೂ ಮಾಡಿಲ್ಲ. ಅಳಿಸಿದ್ದು ನಾನು."

"ನೀನಾ? ಕೈತಪ್ಪಿಯಾ?" ಅತ್ತೆ ಕೇಳಿದರು.

"ಕೈತಪ್ಪಿ ಅಲ್ಲ. ಬೇಕು ಅಂತ್ಲೇ. ಹೊಟ್ಟೆಕಿಚ್ಚಿಗೆ."

ಮೈದುನ ನಗಲು ಹೋಗಿ ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಅತ್ತೆ ನೀರಿನ ಲೋಟವನ್ನು ತಿರುಗಿಸುತ್ತ, "ಮೂರು ದಿನ ನನ್ನನ್ನ ಆ ಮೂಲೇಲಿ ಕೂರಿಸಿದ್ಯಲ್ಲೇ," ಎಂದರು. ಬೈಗುಳ ಒಂದೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ಗುಂಡಿಯಕ್ಕ ಅವರ ಕಾಲ ಬಳಿ ಕೂತಳು. ಕ್ಷಮಿಸಿ ಎನ್ನಲು ಹೋದರೆ ಅಳು ಬಂತು. ಅತ್ತೆ ಆಕೆಯ ತಲೆಯ ಮೇಲೆ ಕೈ ಇಟ್ಟು, "ಏಳು, ತಿಂಡಿ ತಣ್ಣಗಾಗತ್ತೆ," ಎಂದರು.

ಆಮೇಲೆ ಪಾತ್ರೆ ತೊಳೆಯುವಾಗ ಓರಗಿತ್ತಿ ಬಂದು ಪಕ್ಕದಲ್ಲಿ ನಿಂತಳು.

"ಬೇಜಾರಾಗಿಲ್ಲ ಅಂದ್ರೆ ಸುಳ್ಳಾಗತ್ತೆ ಅಕ್ಕ. ತುಂಬ ಬೇಜಾರಾಗಿದೆ."

"ಆಗ್ಬೇಕಾದ್ದೇ."

"ಆ ಬಾಣ ಅಲಂಕಾರಕ್ಕಲ್ಲ ಅಂತ ನಂಗೆ ಎರಡನೇ ದಿನಾನೇ ಗೊತ್ತಾಯ್ತು."

ಗುಂಡಿಯಕ್ಕನ ಕೈ ನೀರಿನಲ್ಲೇ ನಿಂತಿತು. "ಮತ್ತೆ ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ನೀವು ಸಣ್ಣವರಾಗ್ತಿದ್ರಿ. ಅದೂ ಅಲ್ದೆ..." ಓರಗಿತ್ತಿ ಒಂದು ತಟ್ಟೆಯನ್ನೇ ಒರೆಸುತ್ತ ನಿಂತಳು. "ನೀವು ಅತ್ತೆ ಜೊತೆ ಹರಟೆ ಹೊಡೀತಾ, ಒಲೆ ಕಡೆ ನೋಡ್ತಾ ಆಡ್ತೀರಿ. ನಾನು ಉಸಿರು ಹಿಡ್ಕೊಂಡು, ಲೆಕ್ಕ ಹಾಕಿ ಹಾಕಿ ಆಡ್ಬೇಕು. ನಿಮ್ಮನ್ನ ನೋಡಿದ್ರೆ ನಂಗೂ ಮೈ ಉರೀತಿತ್ತು. ಆ ಕೊನೇ ಅರವತ್ತೇಳನ್ನೂ ಪಟ್ಟಿಯಿಂದ ಓಡಿಸ್ಬೇಕು ಅಂತಾನೇ ದಿನಾ ಆಡ್ತಿದ್ದೆ."

ಗುಂಡಿಯಕ್ಕ ತೊಳೆದ ಇನ್ನೊಂದು ತಟ್ಟೆಯನ್ನು ಅವಳತ್ತ ಚಾಚಿದಳು. ಆಮೇಲೆ ಆಕೆಗೇ ಮೊದಲು ನಗು ಬಂತು.

ಅಂದು ಮಧ್ಯಾಹ್ನ ಇಬ್ಬರೂ ಒಂದೇ ಆಟ ಆಡಿದರು, ಸರದಿಯಲ್ಲಿ. ಅತ್ತೆಯನ್ನು ಕೈಹಿಡಿದು ಕರೆತಂದು ಕೂರಿಸಿದರು. ಹದಿನಾರನೇ ಗುಂಡಿಯವರೆಗೂ ಸಮಸಮ. ಹದಿನೇಳರಲ್ಲಿ ಗುಂಡಿಯಕ್ಕನ ಚೆಂಡು ಬಾವುಟದ ಕೋಲಿಗೆ ಬಡಿದು ಪಕ್ಕಕ್ಕೆ ಹಾರಿತು. ಒಂದು ಹೊಡೆತದಿಂದ ಓರಗಿತ್ತಿ ಗೆದ್ದಳು. ಗುಂಡಿಯಕ್ಕನಿಗೆ ಆಗಲೂ ಉರಿಯಿತು, ಚೆನ್ನಾಗಿಯೇ ಉರಿಯಿತು. ಆದರೆ ಈ ಸಲ ಎದ್ದು ಪೊರಕೆ ಹುಡುಕಲಿಲ್ಲ. "ನನಗೆ ಸಹಿಸೋಕಾಗ್ತಿಲ್ಲ, ಇನ್ನೊಂದಾಟ ಆಡು," ಎಂದು ಬಾಯಿಬಿಟ್ಟೇ ಹೇಳಿದಳು.

"ಇನ್ನೊಂದಾಟ ನಂದು," ಎಂದು ಅತ್ತೆ ರಿಮೋಟಿಗೆ ಕೈಚಾಚಿದರು.

ಮೊದಲನೇ ಚೆಂಡು ನೀರಿಗೆ, ಎರಡನೆಯದೂ ನೀರಿಗೆ. ಕತ್ತಲಾಗುವ ಹೊತ್ತಿಗೆ ನೂರ ಮೂವತ್ತೊಂದು ಹೊಡೆತದಲ್ಲಿ ಮುಗಿಸಿದರು. ಪಟ್ಟಿ ಖಾಲಿ ಇದ್ದುದರಿಂದ ಮೂರನೇ ಸಾಲಿನಲ್ಲಿ ಅವರ ಹೆಸರೂ ಕೂತಿತು: ಎ, ಎಂ, ಎ. ಪಕ್ಕದ ಮನೆಯವರನ್ನು ಕರೆದು ತೋರಿಸಿದರು. ವಾರ ಕಳೆಯುವುದರೊಳಗೆ ಸೊಸೆಯಂದಿರ ಹೊಸ ಆಟಗಳು ಅವರನ್ನು ಐದನೇ ಸಾಲಿಗೆ ತಳ್ಳಿದವು. ಅತ್ತೆ ಆ ರಾತ್ರಿ ಊಟಕ್ಕೆ ಬಂದಾಗ ಮುಖ ಊದಿಸಿಕೊಂಡಿದ್ದರು. ಇಬ್ಬರು ಸೊಸೆಯಂದಿರೂ ಎದುರು ಕೂತು, ಅವರಿಗೆ ಗಾಳಿಯ ಬಾಣವನ್ನು ಯಾರು ಹೇಳಿಕೊಡಬೇಕು ಎಂದು ಜಗಳವಾಡಿದರು.